ಸಂಧಾನದಕ್ಕ ಸೇರಿಸಿದ ಎರಡು ಬ್ರಾಂಚು

ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಸಂಧಾನದಕ್ಕ. ಹೊಸದಾಗಿ ಸೇರಿದವರು ಅದೇ ಅವಳ ನಿಜವಾದ ಹೆಸರೆಂದುಕೊಂಡು ಮೇಲ್‌ನಲ್ಲೂ ಹಾಗೇ ಬರೆದು ನಗೆಪಾಟಲಾಗುತ್ತಿದ್ದರು.

ಸಂಧಾನ ಅವಳಿಗೆ ಕೆಲಸಕ್ಕೆ ಸೇರಿದ ಮೇಲೆ ಬಂದ ವಿದ್ಯೆಯಲ್ಲ. ಅಪ್ಪ ಬಾಯ್ಲರ್ ಕಾರ್ಖಾನೆಯಲ್ಲಿ ವೆಲ್ಡರ್, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಯಾವುದೋ ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟರು. ಬಿಟ್ಟವರು ಬಿಟ್ಟೇ ಬಿಟ್ಟರು. ಎರಡು ಕೋಣೆಯ ಮನೆ, ನಡುವಿನ ಬಾಗಿಲಲ್ಲಿ ಹುಡುಗಿ. "ಆ ಮನುಷ್ಯಂಗೆ ಹೇಳು, ಬೇಕಾದ್ರೆ ಬಂದು ನುಂಗ್ಲಿ" ಎಂದು ಅಮ್ಮ ಅಂದರೆ ಹುಡುಗಿ ಆಚೆ ಹೋಗಿ, "ಅಪ್ಪಾ, ಊಟ ಆರಿ ಹೋಗುತ್ತಂತೆ, ಬರ್ಬೇಕಂತೆ" ಅನ್ನುತ್ತಿದ್ದಳು. "ಅವಳ ಮಾತು ತಿಂದೇ ಹೊಟ್ಟೆ ತುಂಬಿದೆ ಅನ್ನು" ಎಂದು ಅಪ್ಪ ಅಂದರೆ ಈಚೆ ಬಂದು, "ಅಪ್ಪಂಗೆ ಅಷ್ಟೇನೂ ಹಸಿವಿಲ್ವಂತೆ ಅಮ್ಮಾ" ಅನ್ನುತ್ತಿದ್ದಳು. ಮುಳ್ಳು ತೆಗೆದು ಮಾತು ದಾಟಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು.

ತಮ್ಮ ಅವಳಿಗಿಂತ ಬಹಳ ಚಿಕ್ಕವನು. ಅವನಿಗೆ ಮೀಸೆ ಮೂಡುವ ಮೊದಲೇ ಅಪ್ಪ ಅಮ್ಮ ಒಬ್ಬರ ಬೆನ್ನಿಗೊಬ್ಬರು ಹೋದರು. ಮಾತಿಲ್ಲದೆ ಬದುಕಿದವರು ಸಾಯುವುದರಲ್ಲಿ ಮಾತ್ರ ಜೊತೆಯಾದರು ಎಂದು ನೆರೆಯವರು ಆಡಿಕೊಂಡರು. ಅವಳು ಕಾಲೇಜು ಮುಗಿಸಿ ಕೆಲಸ ಹಿಡಿದು ತಮ್ಮನನ್ನು ಸಾಕಿದಳು. ಅವನ ತಲೆಗೆ ಪುಸ್ತಕ ಹತ್ತಲಿಲ್ಲ, ಕೈಗೆ ಸ್ಟೀರಿಂಗ್ ಹತ್ತಿತು. ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿಕೊಟ್ಟಳು. ನಗರದ ಬಸ್ ಸಂಸ್ಥೆಯಲ್ಲಿ ಅವನು ಡ್ರೈವರ್ ಆದ. ಅವನಿಗೊಂದು ಮದುವೆಯನ್ನೂ ಮಾಡಿದಳು. ತನ್ನದು ಮಾತ್ರ ಇವತ್ತು ನಾಳೆ ಎಂದು ಮುಂದೆ ಹೋಗುತ್ತ ಹೋಗುತ್ತ ಒಂದು ದಿನ ಯಾರೂ ಕೇಳದಂತಾಯಿತು. ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವಳ ವಾಸ; ನೆಲ ಯಾವಾಗಲೂ ಬೆಚ್ಚಗೆ, ಗೋಡೆಯಲ್ಲಿ ಯಾವಾಗಲೂ ಸೋಪಿನ ವಾಸನೆ. ಎರಡು ಬೀದಿಯಾಚೆ ತಮ್ಮನ ಮನೆ. ರಜೆಯ ದಿನ ಅಲ್ಲೇ ಊಟ.

ಅವಳು ಕೆಲಸ ಮಾಡುತ್ತಿದ್ದ ಕಂಪನಿ ಅದೇ ಬಸ್ ಸಂಸ್ಥೆಗೆ ಸಾಫ್ಟ್‌ವೇರ್ ಬರೆದು ಕೊಡುತ್ತಿತ್ತು. ಯಾವ ಬಸ್ಸು ಯಾವ ದಾರಿಯಲ್ಲಿ ಹೋಗಬೇಕು, ಯಾವ ಡ್ರೈವರಿಗೆ ಯಾವ ಡ್ಯೂಟಿ, ಎಲ್ಲವನ್ನೂ ಆ ಪ್ರೋಗ್ರಾಮ್ ಹೇಳಬೇಕು. ಇಂಥ ದೊಡ್ಡ ಪ್ರೋಗ್ರಾಮನ್ನು ಒಬ್ಬರೇ ಬರೆಯುವುದಿಲ್ಲ. ಹತ್ತಾರು ಜನ ಮೂಲದ ಒಂದೊಂದು ನಕಲು ತೆಗೆದುಕೊಂಡು ತಮ್ಮ ತಮ್ಮ ಮೂಲೆಯಲ್ಲಿ ತಿದ್ದುತ್ತ ಕೂರುತ್ತಾರೆ. ಆ ನಕಲಿಗೆ ಬ್ರಾಂಚ್ ಎನ್ನುತ್ತಾರೆ. ತಿದ್ದಿದ್ದನ್ನೆಲ್ಲ ಮತ್ತೆ ತಂದು ಮೂಲಕ್ಕೆ ಸೇರಿಸುವುದು ಮರ್ಜ್. ಒಂದೇ ಸಾಲನ್ನು ಇಬ್ಬರು ಎರಡು ರೀತಿ ತಿದ್ದಿದ್ದರೆ ಕಂಪ್ಯೂಟರ್ "ನನ್ನ ಕೈಲಾಗದು" ಎಂದು ನಿಂತುಬಿಡುತ್ತದೆ. ಆಗ ಮನುಷ್ಯರು ಕೂತು, ಇದು ಇರಲಿ ಅದು ಹೋಗಲಿ ಎಂದು ತೀರ್ಮಾನ ಮಾಡಬೇಕು. ಆ ಮನುಷ್ಯರು ಅಂದರೆ ಸಂಧಾನದಕ್ಕ. ಅವಳು ಇಬ್ಬರ ಬಳಿಗೂ ಕುರ್ಚಿ ಎಳೆದುಕೊಂಡು ಹೋಗಿ, "ನೀನು ಇಲ್ಲಿ ಏನು ಮಾಡೋಕೆ ಹೊರಟಿದ್ದೆ, ಮೊದ್ಲು ಅದು ಹೇಳು" ಎಂದು ಕೇಳುತ್ತಿದ್ದಳು. ಏನು ಬರೆದಿದ್ದೀಯ ಎಂದಲ್ಲ. ಬರೆದದ್ದು ಎಲ್ಲರಿಗೂ ಕಾಣುತ್ತದೆ.

ಪ್ರಾಜೆಕ್ಟಿನಲ್ಲಿ ಎರಡು ತಂಡ. ಡ್ರೈವರುಗಳ ಪಾಳಿ ನೋಡಿಕೊಳ್ಳುವ ತಂಡಕ್ಕೆ ಒಬ್ಬ ಮುಖ್ಯಸ್ಥ. ಅವನನ್ನು ಡ್ಯೂಟಿ ಸಾಹೇಬ ಎನ್ನುತ್ತಿದ್ದರು. ದಾರಿ ಮತ್ತು ಡಿಪೋಗಳ ಲೆಕ್ಕ ಇನ್ನೊಬ್ಬನದು. ಅವನು ರೂಟ್ ಸಾಹೇಬ. ಇಬ್ಬರೂ ಒಂದು ಕಾಲದಲ್ಲಿ ಒಂದೇ ಡಬ್ಬಿಯಲ್ಲಿ ಉಂಡವರು. ಒಮ್ಮೆ ಎಲ್ಲರೂ ಸೇರಿದ್ದ ಸಭೆಯಲ್ಲಿ ರೂಟ್ ಸಾಹೇಬ, ಡ್ಯೂಟಿ ಸಾಹೇಬ ಬರೆದಿದ್ದ ಒಂದು ಪುಟವನ್ನು ಪರದೆಯ ಮೇಲೆ ಹಾಕಿ, "ಇದನ್ನ ಬರೆದೋರು ಯಾರಪ್ಪ? ಕೀಬೋರ್ಡ್ ಮೇಲೆ ಬೆಕ್ಕು ಓಡಾಡಿತ್ತಾ?" ಎಂದ. ಸಭೆ ಘೊಳ್ಳೆಂದು ನಕ್ಕಿತು. ಅವನು ತಮಾಷೆಗೆ ಅಂದದ್ದೇ ಇರಬಹುದು. ಆದರೆ ಆಡಿದವನು ಮರೆತರೂ ಆಡಿಸಿಕೊಂಡವನು ಮರೆಯುತ್ತಾನೆಯೇ? ಅವತ್ತಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಒಬ್ಬ ಲಿಫ್ಟಿನಲ್ಲಿದ್ದರೆ ಇನ್ನೊಬ್ಬ ಮೆಟ್ಟಿಲು ಹತ್ತುತ್ತಿದ್ದ. ವಾರಕ್ಕೊಮ್ಮೆ ಸೇರಿಸಬೇಕಿದ್ದ ಬ್ರಾಂಚುಗಳನ್ನು ಸೇರಿಸುವುದನ್ನೇ ಬಿಟ್ಟರು. ಎರಡು ತಂಡವೂ ತಿಂಗಳುಗಟ್ಟಲೆ ತಮ್ಮ ತಮ್ಮ ಬಾವಿಯಲ್ಲೇ ಈಜಿದವು.

"ಸಾರ್, ಬೇಗ ಸೇರಿಸಿಬಿಡೋಣ. ತಡ ಆದಷ್ಟೂ ಗಂಟು ಬಿಗಿಯಾಗುತ್ತೆ" ಎಂದು ಅವಳು ಮ್ಯಾನೇಜರನಿಗೆ ಹೇಳಿದಳು.

ಮ್ಯಾನೇಜರ್ ಯಾರನ್ನೂ ನೋಯಿಸದ ಮನುಷ್ಯ. ಅದೇ ಅವನ ದೊಡ್ಡ ದೋಷ. "ಇಬ್ರೂ ದೊಡ್ಡೋರಮ್ಮ. ಅವರವರೇ ಸರಿಹೋಗ್ತಾರೆ ಬಿಡು" ಎಂದ.

ಸರಿಹೋಗಲಿಲ್ಲ. ಬಸ್ ಸಂಸ್ಥೆಯವರು ಉದ್ಘಾಟನೆಗೆ ದಿನ ಗೊತ್ತು ಮಾಡಿದರು. ಆಗ ಎದ್ದುಬಿದ್ದು ಎರಡೂ ಬ್ರಾಂಚುಗಳನ್ನು ತಂದು ಸಂಧಾನದಕ್ಕನ ಮಡಿಲಿಗೆ ಹಾಕಿದರು. ಸೇರಿಸಹೋದರೆ ನೂರಾರು ಕಡೆ ಜಗಳ. ಅವಳು ಒಂದೊಂದನ್ನೇ ಬಿಡಿಸುತ್ತ ಬಂದಳು. ಕಣ್ಣಿಗೆ ಕಾಣುವ ಜಗಳಗಳಿಗೆ ಅವಳು ಹೆದರುವವಳಲ್ಲ. ಜಗಳವೇ ಇಲ್ಲದೆ ತೆಪ್ಪಗೆ ಸೇರಿಕೊಂಡವುಗಳ ಮೇಲೆ ಅವಳ ಅನುಮಾನ. ಅಂಥದ್ದೊಂದು ಸಿಕ್ಕಿಯೇಬಿಟ್ಟಿತು.

ವಿಷಯ ಇಷ್ಟು. ರಾತ್ರಿ ಪಾಳಿ ಮುಗಿಸಿದ ಡ್ರೈವರಿಗೆ ನಿದ್ದೆಗೆ ಸಾಕಾಗುವಷ್ಟು ಹೊತ್ತು ಬಿಡುವು ಕೊಡದೆ ಇನ್ನೊಂದು ಡ್ಯೂಟಿ ಹಾಕಬಾರದು. ಹಾಕುವ ಮುನ್ನ ಪ್ರೋಗ್ರಾಮ್ ಅವನ ನಂಬರ್ ಹುಡುಕಿ, ಹಿಂದಿನ ಡ್ಯೂಟಿ ಯಾವಾಗ ಮುಗಿಯಿತು ಎಂದು ನೋಡಬೇಕು. ಇದು ಡ್ಯೂಟಿ ಸಾಹೇಬನ ಭಾಗ. ಈ ನಡುವೆ ರೂಟ್ ಸಾಹೇಬ ಡ್ರೈವರುಗಳ ನಂಬರನ್ನೇ ಬದಲಿಸಿ, ಪ್ರತಿಯೊಂದರ ಹಿಂದೆ ಡಿಪೋದ ಅಕ್ಷರ ಸೇರಿಸಿದ್ದ. ಡ್ಯೂಟಿ ಸಾಹೇಬನಿಗೆ ಹೇಳಿರಲಿಲ್ಲ. ಹೇಳಲು ಮಾತಾದರೂ ಎಲ್ಲಿತ್ತು? ಹೀಗಾಗಿ ಪ್ರೋಗ್ರಾಮ್ ಹಳೆಯ ನಂಬರಿನಲ್ಲಿ ಹುಡುಕುತ್ತಿತ್ತು, ಯಾರೂ ಸಿಗುತ್ತಿರಲಿಲ್ಲ. ಸಿಗದಿದ್ದರೆ, ಈ ಮನುಷ್ಯ ಡ್ಯೂಟಿಯನ್ನೇ ಮಾಡಿಲ್ಲ, ಪೂರ್ತಿ ವಿಶ್ರಾಂತಿಯಲ್ಲಿದ್ದಾನೆ ಎಂದು ತಿಳಿಯುತ್ತಿತ್ತು.

ಅವಳು ಡ್ಯೂಟಿ ಸಾಹೇಬನ ಹತ್ತಿರ ಹೋದಳು. "ನಂಬರ್ ಬದಲಾಯಿಸಿದ್ದು ಯಾರು? ಅವರನ್ನೇ ಕೇಳಿ. ನನ್ನ ಫೈಲನ್ನ ಯಾರೂ ಮುಟ್ಟಬೇಡಿ" ಎಂದ. ರೂಟ್ ಸಾಹೇಬ, "ನಂದು ಸರಿಯಾಗೇ ಇದೆ. ಅವರು ಹಳೇ ಕಾಲದಲ್ಲಿ ಕೂತಿದ್ರೆ ನಾನೇನು ಮಾಡ್ಲಿ ಅಕ್ಕ?" ಎಂದ. ಅವಳಿಗೆ ಎರಡು ಕೋಣೆಯ ಆ ಮನೆಯೇ ಕಣ್ಣಮುಂದೆ ಬಂದಂತಾಯಿತು. ಇಲ್ಲಿ ಮುಳ್ಳು ತೆಗೆದು ದಾಟಿಸಿದರೂ ಮಾತು ದಾಟಲಿಲ್ಲ.

ಉದ್ಘಾಟನೆಯ ಹಿಂದಿನ ಮಧ್ಯಾಹ್ನ ಮ್ಯಾನೇಜರ್ ಅವಳ ಮೇಜಿನ ಬಳಿ ಬಂದು ನಿಂತ. ಪ್ರೋಗ್ರಾಮಿನ ಒಂದೊಂದು ಭಾಗವೂ ಸರಿಯಿದೆಯೇ ಎಂದು ಕಂಪ್ಯೂಟರೇ ಪರೀಕ್ಷಿಸಿ ನೋಡುವ ಟೆಸ್ಟುಗಳಲ್ಲಿ ಒಂದು ಮಾತ್ರ ಪಾಸಾಗದೆ ಪರದೆಯ ಮೇಲೆ ಕೆಂಪಗೆ ಕಾಣುತ್ತಿತ್ತು.

"ಏನಿದು ಇನ್ನೂ ಕೆಂಪು?"

"ವಿಶ್ರಾಂತಿ ಟೆಸ್ಟ್ ಸಾರ್. ಒಡೆದಿದೆ. ಇಬ್ರನ್ನೂ ಒಂದು ರೂಮಲ್ಲಿ ಕೂರಿಸಿ, ಒಂದು ವಾರ ಕೊಡಿ, ಸರಿ ಮಾಡ್ತೀನಿ."

"ನಾಳೆ ರಿಬ್ಬನ್ ಕಟ್ ಮಾಡೋಕೆ ಅವರ ಅಧ್ಯಕ್ಷರು ಬರ್ತಿದ್ದಾರೆ, ನೀನು ವಾರ ಅಂತೀಯ. ಆ ಒಂದು ಟೆಸ್ಟ್ ಆಫ್ ಮಾಡು. ಮುಂದಿನ ವಾರ ಮೊದಲ ಕೆಲಸ ಅದೇ ಮಾಡಿಸ್ತೀನಿ. ನನ್ನ ಮಾತು."

"ಸಾರ್, ಇದು ಮನುಷ್ಯರ ನಿದ್ದೆ ವಿಷಯ."

"ನನ್ನ ನಿದ್ದೆ ಹೋಗಿ ಹದಿನೈದು ದಿನ ಆಯ್ತು, ಅದನ್ನ ಯಾರು ಕೇಳ್ತಾರೆ? ಸೇರಿಸಿಬಿಡಮ್ಮ."

ಅವಳು ಸೇರಿಸಿದಳು. ಮರ್ಜ್ ಮಾಡಿದವರು ಎಂಬ ಜಾಗದಲ್ಲಿ ಅವಳ ಹೆಸರು ಬಿತ್ತು. ಮರುದಿನ ಉದ್ಘಾಟನೆ, ಚಪ್ಪಾಳೆ, ಫೋಟೋ. ಮುಂದಿನ ವಾರ ಬೇರೊಂದು ತುರ್ತು ಕೆಲಸ ಬಂತು. ಅವಳು ಹೋಗಿ ನೆನಪಿಸಿದಳು. "ಆಗ್ಲಿ ಆಗ್ಲಿ" ಎಂದ ಮ್ಯಾನೇಜರ್. ಮತ್ತೆ ನೆನಪಿಸಿದಳು. ತಾನೇ ತಿದ್ದಿ ಕಳಿಸಿದರೆ ಡ್ಯೂಟಿ ಸಾಹೇಬ ಅದನ್ನು ತಿರಸ್ಕರಿಸಿ, ಕೆಳಗೆ "ನನ್ನ ಅನುಮತಿ ಇಲ್ಲದೆ ಬೇಡ" ಎಂದು ಬರೆದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ. ಆದರೆ ಕೂಸುಗಳು ಊರ ತುಂಬ ಬಸ್ಸು ಓಡಿಸುತ್ತಿದ್ದವು.

ರಜೆಯ ದಿನ ತಮ್ಮನ ಮನೆಗೆ ಹೋದಳು. ಅವನು ತಟ್ಟೆಯ ಮುಂದೆ ಕೂತವನು ತುತ್ತು ಕೈಯಲ್ಲಿ ಹಿಡಿದೇ ತೂಕಡಿಸಿದ. ಕಣ್ಣು ಕೆಂಡದ ಹಾಗಿತ್ತು.

"ನೋಡಿ ಅತ್ತಿಗೆ, ಬರೋದು ಬಿದ್ಕೊಳೋದು, ಏಳೋದು ಓಡೋದು. ನಾನು ಮದುವೆ ಆಗಿರೋದು ಇವರನ್ನೋ ಬಸ್ಸನ್ನೋ ತಿಳೀತಿಲ್ಲ" ಎಂದಳು ತಮ್ಮನ ಹೆಂಡತಿ.

"ರಾತ್ರಿ ಪಾಳಿ ಮಾಡಿದ ಬೆನ್ನಿಗೇ ಬೆಳಿಗ್ಗೆ ಪಾಳಿ ಬಿದ್ದಿದೆ ಅಕ್ಕ" ಎಂದ ತಮ್ಮ. "ಡಿಪೋ ಕ್ಲರ್ಕನ್ನ ಕೇಳಿದ್ರೆ, ನಾನೇನು ಹಾಕಿದ್ನಾ, ಕಂಪ್ಯೂಟರ್ ಹಾಕಿದೆ ಅಂತಾನೆ. ನಿಮ್ಮ ಆಫೀಸಿಂದೇ ಅಲ್ವಾ ಅದು? ಸ್ವಲ್ಪ ಬೈದು ಹೇಳು ಅದಕ್ಕೆ" ಎಂದು ನಕ್ಕ.

ಅವಳು ಅಲ್ಲೇ ಹೇಳಿಬಿಡಬೇಕಿತ್ತು. ಆದರೆ ಹೇಳಿದರೆ ಅವನು ಡಿಪೋದಲ್ಲಿ ಕೂಗಾಡುತ್ತಾನೆ, ಅದು ಆಫೀಸಿಗೆ ಬರುತ್ತದೆ, ಮಾಡಿದ್ದು ಯಾರು ಎಂಬ ಮಾತು ಏಳುತ್ತದೆ. ಎರಡು ದಿನದಲ್ಲಿ ಹೇಗಾದರೂ ಸರಿಮಾಡಿಸಿಬಿಡುತ್ತೇನೆ, ಆಮೇಲೆ ಹೇಳುವ ಅಗತ್ಯವೇ ಇರುವುದಿಲ್ಲ ಎಂದುಕೊಂಡಳು. "ಆಗಲ್ಲ ಅಂತ ಹೇಳು. ಡ್ಯೂಟಿ ಬಿಟ್ಟುಬಿಡು" ಎಂದಷ್ಟೇ ಅಂದಳು.

"ಬಿಟ್ರೆ ಗೈರುಹಾಜರಿ ಹಾಕ್ತಾರೆ. ಇರ್ಲಿ ಬಿಡಕ್ಕ, ಗಟ್ಟಿ ಜೀವ" ಎಂದ ಅವನು.

ಮರುದಿನ ಅವಳು ಮ್ಯಾನೇಜರನ ಕೋಣೆಗೆ ಹೋಗಿ ಎಂದೂ ಏರಿಸದ ದನಿ ಏರಿಸಿದಳು. ಅವನು ಗಾಬರಿಯಾಗಿ, ಈ ವಾರವೇ ಇಬ್ಬರನ್ನೂ ಕೂರಿಸುತ್ತೇನೆ ಎಂದು ಮಾತು ಕೊಟ್ಟ. ಆ ಇಬ್ಬರು ಕೂರುವ ಮೊದಲೇ ಬಸ್ಸು ಹೋಗಿ ಗುದ್ದಿತ್ತು.

ಬೆಳಗಿನ ಹೊತ್ತು, ಒಳ್ಳೆಯ ಬಿಸಿಲು, ನೆಟ್ಟಗಿನ ರಸ್ತೆ. ತಮ್ಮ ರೆಪ್ಪೆ ಮುಚ್ಚಿದ್ದು ಒಂದು ಗಳಿಗೆಯೂ ಇರಲಾರದು. ಬಸ್ಸು ಫುಟ್‌ಪಾತ್ ಹತ್ತಿ, ಇನ್ನೂ ಬಾಗಿಲು ತೆರೆಯದ ಕನ್ನಡಕದಂಗಡಿಯ ಕಂಬಕ್ಕೆ ಗುದ್ದಿ ನಿಂತಿತು. ಪ್ರಯಾಣಿಕರಿಗೆ ತರಚು ಗಾಯ. ಮುಂಬಾಗಿಲಲ್ಲಿ ನಿಂತಿದ್ದ ಕಂಡಕ್ಟರನ ಎಡಗಾಲು ಬಾಗಿಲಿಗೂ ಕಂಬಕ್ಕೂ ನಡುವೆ ಸಿಕ್ಕಿ ಮೊಣಕಾಲು ಜಜ್ಜಿಹೋಯಿತು. ತಮ್ಮನೂ ಆ ಕಂಡಕ್ಟರನೂ ಕೆಲಸಕ್ಕೆ ಸೇರಿದಾಗಿನಿಂದ ಜೋಡಿ. ಒಬ್ಬರ ಚಹಾ ಇನ್ನೊಬ್ಬರು ಕುಡಿದವರು. ವೈದ್ಯರು ಕಾಲನ್ನು ಉಳಿಸಿದರು. ಆದರೆ ಇನ್ನು ಅದು ಬರೀ ಕಾಲಿನ ಆಕಾರ, ಓಡುವ ಬಸ್ಸಿನಲ್ಲಿ ನಿಲ್ಲುವ ಕೆಲಸಕ್ಕಲ್ಲ ಎಂದರು.

ತಮ್ಮನನ್ನು ಅಮಾನತು ಮಾಡಿದರು. ಬಸ್ ಸಂಸ್ಥೆಯಲ್ಲಿ ವಿಚಾರಣೆ ನಡೆಯಿತು. ಅವಳನ್ನು ಯಾರೂ ಕರೆದಿರಲಿಲ್ಲ. ಸಾಫ್ಟ್‌ವೇರ್ ಕಂಪನಿಯ ಪರವಾಗಿ ಬರಬೇಕಿದ್ದವನು ಮ್ಯಾನೇಜರ್. ಅವಳು ರಜೆ ಹಾಕಿ ತಾನೇ ಹೋದಳು. ಉದ್ದನೆಯ ಮೇಜು, ಅದರಾಚೆ ಮೂವರು ಅಧಿಕಾರಿಗಳು. ಈಚೆ ಟೋಪಿ ಕೈಯಲ್ಲಿ ಹಿಡಿದು ತಮ್ಮ ನಿಂತಿದ್ದ.

"ರಾತ್ರಿ ಎಲ್ಲಿ ತಿರುಗ್ತಿದ್ರಿ?" ಎಂದು ಹಿರಿಯ ಅಧಿಕಾರಿ ಕೇಳುತ್ತಿದ್ದ. "ಕಂಪ್ಯೂಟರ್ ಪ್ರಕಾರ ನಿಮಗೆ ಪೂರ್ತಿ ವಿಶ್ರಾಂತಿ ಇತ್ತು."

"ರಾತ್ರಿಯೆಲ್ಲ ಬಸ್ ಓಡಿಸ್ತಿದ್ದೆ ಸಾರ್, ನಿಮ್ಮದೇ ಬಸ್ಸು."

"ಹಾಗಂತ ಇದು ತೋರಿಸ್ತಿಲ್ವಲ್ರೀ."

ಅವಳು ಮುಂದೆ ಬಂದಳು. "ತೋರಿಸಲ್ಲ ಸಾರ್. ಯಾಕಂದ್ರೆ ಅದು ಹಳೇ ನಂಬರಲ್ಲಿ ಹುಡುಕ್ತಿದೆ" ಎಂದು ಶುರುಮಾಡಿ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದಳು. ಎರಡು ಬ್ರಾಂಚು, ಮಾತು ಬಿಟ್ಟ ಇಬ್ಬರು, ಆಫ್ ಮಾಡಿದ ಟೆಸ್ಟ್, ಯಾವುದನ್ನೂ ಮುಚ್ಚಿಡಲಿಲ್ಲ. ಮ್ಯಾನೇಜರ್ ಮುಖ ಒರೆಸಿಕೊಳ್ಳುತ್ತ ಕೂತಿದ್ದ.

"ಇದನ್ನ ಸೇರಿಸಿದ್ದು ಯಾರು?" ಎಂದ ಅಧಿಕಾರಿ.

ಅವಳು ಮ್ಯಾನೇಜರನತ್ತ ನೋಡಿದಳು. ಅವನು ಮೇಜಿನತ್ತ ನೋಡಿದ. ಆಮೇಲೆ, ಯಾರನ್ನೂ ನೋಯಿಸದ ಅದೇ ಮೆತ್ತನೆ ದನಿಯಲ್ಲಿ, "ದಾಖಲೆ ಪ್ರಕಾರ ಇವರೇ ಸಾರ್. ಇವರು ಅನುಭವಸ್ಥರು, ಇವರ ಮೇಲೆ ನಂಬಿಕೆ ಇಟ್ಟಿದ್ವಿ" ಎಂದ.

"ಹೌದಾ?"

"ಹೌದು ಸಾರ್, ಸೇರಿಸಿದ್ದು ನಾನೇ. ಸೇರಿಸು ಅಂದಿದ್ದು ಇವರು" ಎಂದಳು.

ಮೊದಲ ಮಾತನ್ನು ಬರೆದುಕೊಂಡರು. ಎರಡನೆಯದನ್ನು ಬರೆದುಕೊಳ್ಳಲಿಲ್ಲ.

ಅವಳಾಗ ತಿರುಗಿ ತಮ್ಮನ ಮುಖ ನೋಡಿದಳು. ಕೆಲಸ ಉಳಿಯಿತು ಎಂಬ ನೆಮ್ಮದಿ ಅಲ್ಲಿರಲಿಲ್ಲ. ಅವನು ಅವಳನ್ನು, ಬಸ್ಸಿಗೆ ಅಡ್ಡ ಬಂದ ಅಪರಿಚಿತಳನ್ನು ನೋಡುವಂತೆ ನೋಡುತ್ತಿದ್ದ.

ತಮ್ಮನ ಅಮಾನತು ರದ್ದಾಯಿತು. ಒಬ್ಬ ಉದ್ಯೋಗಿಯ ಅಜಾಗರೂಕತೆಯಿಂದ ಹೀಗಾಯಿತೆಂದು ಕಂಪನಿ ಕ್ಷಮೆ ಕೇಳಿ, ಅವಳನ್ನು ಕೆಲಸದಿಂದ ತೆಗೆಯಿತು. ಬೀಳ್ಕೊಡುಗೆಯಿಲ್ಲ. ಲೋಟ, ಸ್ವೆಟರ್, ಕುರ್ಚಿಯ ದಿಂಬು ಚೀಲಕ್ಕೆ ತುಂಬಿಕೊಂಡು ಇಳಿದು ಬರುವಾಗ ಯಾರೂ ತಲೆ ಎತ್ತಲಿಲ್ಲ. ಎತ್ತಿದರೆ ಮಾತಾಡಬೇಕಾಗುತ್ತಿತ್ತು.

ಅವತ್ತು ಸಂಜೆ ತಮ್ಮನ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲು ತೆರೆದು, "ಬನ್ನಿ ಅತ್ತಿಗೆ" ಎಂದು ಪಕ್ಕಕ್ಕೆ ಸರಿದಳು. ಅವನು ಕೂತಲ್ಲಿಂದ ಏಳಲಿಲ್ಲ.

"ಅವತ್ತು ಇಲ್ಲೇ ಕೂತು ಊಟ ಮಾಡಿದ್ಯಲ್ಲ ಅಕ್ಕ. ಅವತ್ತು ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಒಂದು ಮಾತು ಹೇಳಿದ್ರೆ ನಾನು ಗೈರುಹಾಜರಿ ಹಾಕಿಸ್ಕೊಂಡು ಮಲಗ್ತಿದ್ದೆ. ಆಕಾಶ ಬೀಳ್ತಿರ್ಲಿಲ್ಲ."

"ಸರಿ ಮಾಡಿಸ್ತೀನಿ ಅಂತ ಓಡಾಡ್ತಿದ್ದೆ ಕಣೋ. ಅವರ ಕಾಲು ಇವರ ಕಾಲು ಹಿಡೀತಿದ್ದೆ."

"ಎಲ್ಲರ ಕಾಲೂ ಹಿಡಿದೆ. ಹೋಗಿದ್ದು ಅವನ ಕಾಲು" ಎಂದ ತಮ್ಮ.

"ನಿನ್ನ ಕೆಲಸ ಉಳೀಲಿ ಅಂತ ನನ್ನ ಕೆಲಸ ಕಳ್ಕೊಂಡೆ..." ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಬಂದಮೇಲೆ ನಾಲಗೆ ಕಚ್ಚಿಕೊಂಡಳು.

"ನಾನು ಕೇಳಿದ್ನಾ?" ಎಂದ ಅವನು. ಎದ್ದು ಒಳಗೆ ಹೋದ. ಹೆಂಡತಿ ಒಮ್ಮೆ ಆ ಬಾಗಿಲನ್ನೂ ಒಮ್ಮೆ ಈ ಬಾಗಿಲನ್ನೂ ನೋಡಿ, ಕೊನೆಗೆ ಅವನ ಹಿಂದೆ ಹೋದಳು. ಜೀವಮಾನವೆಲ್ಲ ಬೇರೆಯವರ ನಡುವೆ ಮಾತು ದಾಟಿಸಿದವಳಿಗೆ ತನ್ನ ಮಾತೊಂದನ್ನು ಆಚೆ ಕೋಣೆಗೆ ದಾಟಿಸಿಕೊಡುವವರು ಯಾರೂ ಇರಲಿಲ್ಲ.

ಆಫೀಸಿನ ಸುದ್ದಿ ಹಳೆಯ ಸಹೋದ್ಯೋಗಿಯೊಬ್ಬಳಿಂದ ತಿಳಿಯುತ್ತಿತ್ತು. ಅಪಘಾತದ ಮೇಲೆ ಡ್ಯೂಟಿ ಸಾಹೇಬನನ್ನೂ ರೂಟ್ ಸಾಹೇಬನನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರಂತೆ. ಊಟದ ಹೊತ್ತಿಗೆ ತಿದ್ದುಪಡಿ ಮುಗಿದಿತ್ತಂತೆ, ಅಷ್ಟೇ ಕೆಲಸ. ಕೂತ ಮೇಲೆ ಮಾತು ಬಂತು, ಮಾತಿನ ಮೇಲೆ ನಗು ಬಂತು, ಈಗ ಇಬ್ಬರೂ ಗಳಸ್ಯ ಕಂಠಸ್ಯ. ಲಿಫ್ಟಿನಲ್ಲಿ ಜೊತೆಗೇ ಹೋಗುತ್ತಾರಂತೆ. ಒಮ್ಮೆ ರೂಟ್ ಸಾಹೇಬನೇ ಫೋನ್ ಮಾಡಿದ.

"ಹೇಗಿದ್ದೀರಿ ಅಕ್ಕ? ಒಂದು ಸಣ್ಣ ಸಹಾಯ ಬೇಕಿತ್ತು. ಎರಡು ಬ್ರಾಂಚು ಸೇರ್ತಾನೇ ಇಲ್ಲ. ನೀವಿದ್ದಾಗ ಇದೆಲ್ಲ ಹೇಗೆ ಮಾಡ್ತಿದ್ರಿ?"

"ನಂಗೆ ಮರೆತುಹೋಗಿದೆ ಸಾರ್" ಎಂದು ಅವಳು ಫೋನ್ ಇಟ್ಟಳು. ಮರೆತಿರಲಿಲ್ಲ. ಅರ್ಧ ದಿನ ಆ ಎರಡು ಬ್ರಾಂಚು ಏನಿರಬಹುದು ಎಂದೇ ಯೋಚಿಸುತ್ತ ಕೂತಿದ್ದಳು.

ಈಗ ಅವಳು ಒಂದು ಮರದ ಅಡ್ಡೆಯಲ್ಲಿ ಬಿಲ್ಲಿನ ಪ್ರೋಗ್ರಾಮ್ ನೋಡಿಕೊಳ್ಳುತ್ತಾಳೆ. ಬರೆಯುವವಳೂ ಅವಳೇ, ತಿದ್ದುವವಳೂ ಅವಳೇ. ಯಾರ ಜೊತೆಗೂ ಏನನ್ನೂ ಸೇರಿಸಬೇಕಿಲ್ಲ. ಗರಗಸದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಕೇಳದಿದ್ದರೆ ಯಾರಿಗೂ ಬೇಸರವಿಲ್ಲ.

ಒಂದು ರಜೆಯ ದಿನ ಧೈರ್ಯ ಮಾಡಿ ಕಂಡಕ್ಟರನ ಮನೆಗೆ ಹೋದಳು. ಮೂರನೆಯ ಮಹಡಿ. ಆ ಕಾಲಿನಲ್ಲಿ ಈ ಮೆಟ್ಟಿಲು ಹೇಗೆ ಹತ್ತುತ್ತಾನೋ ಎಂದುಕೊಳ್ಳುತ್ತ ಹತ್ತಿದಳು. ಅವನು ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದ. ಬೈಯುತ್ತಾನೆ ಎಂದುಕೊಂಡು ಬಂದವಳಿಗೆ ಅವನು ಕುರ್ಚಿ ತೋರಿಸಿದ.

"ಕೂತ್ಕೊಳ್ಳಿ ಅಕ್ಕ. ನೀವು ವಿಚಾರಣೆಯಲ್ಲಿ ಹೇಳಿದ್ದು ಕೇಳ್ದೆ. ನೀವು ಹೇಳದಿದ್ರೆ ಅವನು ಬೀದಿಗೆ ಬರ್ತಿದ್ದ."

"ನಿಮ್ಮ ಕಾಲು..." ಎಂದಳು.

"ಕಾಲಿನ ಮಾತು ಬಿಡಿ. ನಾನು ಸಿಟ್ಟಾಗ್ಬೇಕು ಅಂತ ನೀವು ಬಂದಿದ್ದೀರಿ, ನಂಗೆ ಸಿಟ್ಟು ಬರ್ತಿಲ್ಲ. ಏನು ಮಾಡೋದು? ನಿಮ್ಮ ತಮ್ಮ ಬರೋದೂ ಅದಕ್ಕೇ. ಬೈಯೋ ಬೈಯೋ ಅಂತಾನೆ. ಇಬ್ರಿಗೂ ಸೇರಿಸಿ ಎಷ್ಟು ಅಂತ ಬೈಲಿ ನಾನು?"

ಅವಳಿಗೆ ಅಳುವಿನ ಜೊತೆಗೇ ನಗುವೂ ಬಂತು. "ಬರ್ತಾನಾ ಇಲ್ಲಿಗೆ?"

"ರಜೆ ಸಿಕ್ಕಾಗೆಲ್ಲ. ನನ್ನ ಕೆಳಗೆ ಇಳಿಸಿ, ಒಂದು ಸುತ್ತು ನಡೆಸಿ, ಮತ್ತೆ ಹತ್ತಿಸಿ ಹೋಗ್ತಾನೆ."

"ನನ್ನ ವಿಷಯ ಏನಾದ್ರೂ..."

ಕಂಡಕ್ಟರ್ ಕಿಟಕಿಯಾಚೆ ನೋಡಿದ. "ಇಲ್ಲ" ಎಂದ. ಆಮೇಲೆ ಅವಳ ಮುಖ ನೋಡದೆ, "ಬೇಜಾರು ಮಾಡ್ಕೋಬೇಡಿ ಅಕ್ಕ. ಅವನು ಬರೋ ಹೊತ್ತಾಯ್ತು. ನಿಮ್ಮನ್ನ ಇಲ್ಲಿ ನೋಡಿದ್ರೆ ಇಲ್ಲಿಗೂ ಬರೋದು ಬಿಡ್ತಾನೆ. ಅವನು ಬಿಟ್ರೆ ನಂಗೆ ಬೀದಿ ನೋಡೋಕೆ ಬೇರೆ ದಾರಿ ಇಲ್ಲ" ಎಂದ.

ಅವಳು ಎದ್ದಳು. ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿದಳು. ಕೆಳಗಿಳಿದು, ಎದುರಿಗೆ ಸಿಕ್ಕಿಬಿಡಬಾರದೆಂದು ಮುಂದಿನ ಬೀದಿ ಬಿಟ್ಟು ಹಿತ್ತಲ ಓಣಿಯಲ್ಲಿ ಸುತ್ತು ಹಾಕಿ ನಡೆದಳು.